ಹಿಂದಿನ ಸೀಟಿನ ಸಾಹುಕಾರ

"ಗುರುಗಳೇ, ನಿಲ್ಲಿಸಿ ಕೇಳಿದಾಗ ಮಾತ್ರ ಕೈ ನಡುಗುವವನನ್ನು ನಂಬಬಹುದೇ?" ಎಂದು ಶಿಷ್ಯ ಕೇಳಿದ.

ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಗುರುಗಳು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಶಿಷ್ಯ ನಾಲ್ಕು ವರ್ಷದಿಂದ ಮಠದ ಆಡಳಿತ ನೋಡಿಕೊಳ್ಳುತ್ತಿದ್ದವನು. ಅವನ ಸೊಂಟದಲ್ಲಿ ಉಗ್ರಾಣದ ಕೀಲಿಕೈ ಗೊಂಚಲು ತೂಗುತ್ತಿತ್ತು. ನಿನ್ನೆಯವರೆಗೆ ಅದು ಉಗ್ರಾಣದ ತಿಪ್ಪಯ್ಯನ ಬಳಿ ಇತ್ತು.

"ಯಾರ ಕೈ?" ಎಂದರು ಗುರುಗಳು.

"ತಿಪ್ಪಯ್ಯನದು. ಉಗ್ರಾಣದಲ್ಲಿ ಒಂದು ಡಬ್ಬ ತುಪ್ಪ ಕಾಣೆಯಾಗಿದೆ. ಅಲ್ಲಿ ಓಡಾಡುವ ಮೂವರನ್ನೂ ನಿನ್ನೆ ಊಟದ ಪಂಕ್ತಿಯ ಮುಂದೆ ನಿಲ್ಲಿಸಿ ಕೇಳಿದೆ. ಇಬ್ಬರು ನೆಟ್ಟಗೆ ನಿಂತು ಗೊತ್ತಿಲ್ಲ ಎಂದರು. ತಿಪ್ಪಯ್ಯನ ಕೈ ಗಡಗಡ ನಡುಗಿತು. ಅಕ್ಕಿ ಅಳೆಯುವಾಗ ನಡುಗದ ಕೈ, ದೀಪಕ್ಕೆ ಎಣ್ಣೆ ಹಾಕುವಾಗ ನಡುಗದ ಕೈ, ಒಂದು ಪ್ರಶ್ನೆಗೆ ಏಕೆ ನಡುಗಬೇಕು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇನ್ನೊಂದು ಮಾತು. ಪೇಟೆಗೆ ಹೋಗುವಾಗ ಮಠದ ಜೀಪು ಹತ್ತು ಎಂದರೂ ಹತ್ತುವುದಿಲ್ಲ, ಬಿಸಿಲಲ್ಲಿ ನಡೆದೇ ಹೋಗುತ್ತಾನೆ. ದಾರಿಯಲ್ಲಿ ಯಾರ ಮನೆಗೆ ಏನು ಕೊಟ್ಟು ಹೋಗುತ್ತಾನೋ. ಸಂಜೆಯೊಳಗೆ ಮಠ ಬಿಡಬೇಕು ಎಂದು ಹೇಳಿದ್ದೇನೆ. ತಮ್ಮ ಅಪ್ಪಣೆ ಒಂದು ಬಾಕಿ ಇದೆ."

"ಉಗ್ರಾಣ ಹುಡುಕಿದೆಯಾ?"

"ಹುಡುಕುವುದೇನು ಗುರುಗಳೇ? ಕೈಯೇ ಹೇಳಿತಲ್ಲ."

ಗುರುಗಳ ಮುಖ ಕೆಂಪಾಯಿತು. "ಕುಳಿತುಕೋ. ಅಪ್ಪಣೆ ಆಮೇಲೆ ನೋಡೋಣ. ಒಂದು ಕಾರಿನ ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ಸಾಹುಕಾರನಿದ್ದ. ಘಟ್ಟದ ಮೇಲೆ ಅವನ ಅಂಗಡಿ, ಘಟ್ಟದ ಕೆಳಗೆ ಅವನ ಮನೆದೇವರು. ಪ್ರತಿ ಸೋಮವಾರ ಕಾರಿನಲ್ಲಿ ಘಟ್ಟ ಇಳಿದು ದರ್ಶನ ಮಾಡಿ ಬರುವುದು ಅವನ ನೇಮ. ಆ ನೇಮವನ್ನು ಅವನು ಒಂದು ವಾರವೂ ತಪ್ಪಿಸಿದವನಲ್ಲ. ಅದನ್ನು ನಾಲ್ಕು ಜನಕ್ಕೆ ಹೇಳದೆ ಬಿಟ್ಟವನೂ ಅಲ್ಲ.

ಕಾರು ಓಡಿಸಲು ಒಬ್ಬ ಚಾಲಕನಿದ್ದ. ಹದಿನೆಂಟು ವರ್ಷ ಲಾರಿ, ಬಸ್ಸು, ಕಾರು ಎಲ್ಲವನ್ನೂ ಓಡಿಸಿದ ಕೈ. ಒಂದು ದಿನವೂ ಯಾರಿಗೂ ತಾಗಿಸಿದವನಲ್ಲ. ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಆ ಬೀದಿಯವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನಿಗೆ ಹೊಲವಿಲ್ಲ, ಬೇರೆ ವಿದ್ಯೆಯಿಲ್ಲ. ಆ ಎರಡು ಕೈ, ಆ ಕೈಯ ಮೇಲೆ ಜನ ಇಟ್ಟ ನಂಬಿಕೆ, ಇಷ್ಟೇ ಅವನ ಆಸ್ತಿ.

ಘಟ್ಟ ಇಳಿಯುವವನು ಗೇರು ಇಳಿಸಿಕೊಳ್ಳಬೇಕು. ಹತ್ತುವ ಗೇರಿನಲ್ಲೇ ಇಳಿ ಎಂದು ಚಾಲಕರು ಹೇಳುತ್ತಾರೆ. ಆಗ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಆದರೆ ಸಾಹುಕಾರ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಸ್ತೋತ್ರ ಹೇಳಿಕೊಳ್ಳುತ್ತಿದ್ದ. ಗೇರು ಇಳಿಸಿದರೆ ಎಂಜಿನ್ ಸದ್ದು ಏರುತ್ತದೆ, ಇವನ ಸ್ತೋತ್ರ ತಪ್ಪುತ್ತದೆ. "ಎಂಜಿನ್ ಕಿರುಚಿಸ್ಬೇಡ್ವೋ. ಬ್ರೇಕ್ ಇರೋದು ಯಾತಕ್ಕೆ?" ಎಂದು ಗದರಿದ. ಚಾಲಕ ಎರಡು ಸಲ ತಿಳಿಸಿ ಹೇಳಿದ, ಮೂರನೆಯ ಸಲ ಸುಮ್ಮನಾದ. ಅಂದಿನಿಂದ ಇಪ್ಪತ್ತೊಂದು ತಿರುವಿಗೂ ಬ್ರೇಕ್ ಒತ್ತುತ್ತಲೇ ಇಳಿದ.

ಘಟ್ಟ ಮುಗಿಯುವಲ್ಲಿ ಗುಡಿ. ಗುಡಿಯ ಪಕ್ಕದಲ್ಲಿ ಒಂದು ಹಳ್ಳ. ಕಾಲು ತೊಳೆಯದೆ ದೇವರ ಅಂಗಳ ತುಳಿಯಬಾರದು ಎನ್ನುತ್ತಾರೆ ತಾನೇ? ಕಾರಿಗೆ ಚಕ್ರವೇ ಕಾಲು ಎಂದು ಸಾಹುಕಾರ ಲೆಕ್ಕ ಹಾಕಿದ್ದ. ಕಾರು ನಿಂತದ್ದೇ ತಡ, ಚಾಲಕನನ್ನು ಹೂವು ಕಾಯಿ ತರಲು ಕಳಿಸಿ, ತನ್ನ ಅಂಗಡಿಯದೇ ತಾಮ್ರದ ಬಿಂದಿಗೆಯಲ್ಲಿ ಹಳ್ಳದ ತಣ್ಣೀರು ತುಂಬಿ ತಂದು ಮುಂದಿನ ಎರಡು ಚಕ್ರಕ್ಕೂ ತಾನೇ ಸುರಿಯುತ್ತಿದ್ದ. ಇನ್ನೊಬ್ಬರ ಕೈಗೆ ಆ ಬಿಂದಿಗೆ ಕೊಡುತ್ತಿರಲಿಲ್ಲ. ಪುಣ್ಯ ಹಂಚಿಹೋಗುತ್ತದಲ್ಲ!

ಚಕ್ರದ ಒಳಗೆ ಒಂದು ಕಬ್ಬಿಣದ ತಟ್ಟೆ ಇರುತ್ತದೆ. ಬ್ರೇಕ್ ಒತ್ತಿದಾಗ ಎರಡು ಕಡೆಯಿಂದ ಅದನ್ನು ಹಿಡಿದೇ ಗಾಡಿಯನ್ನು ನಿಲ್ಲಿಸುವುದು. ಇಪ್ಪತ್ತೊಂದು ತಿರುವು ಇಳಿದ ಮೇಲೆ ಆ ತಟ್ಟೆ ದೋಸೆಯ ಹೆಂಚಿನ ಹಾಗೆ ಕಾದಿರುತ್ತಿತ್ತು. ನೀರು ಬಿದ್ದರೆ ಚುಂಯ್ ಎಂದು ಹಬೆ ಏಳುತ್ತಿತ್ತು. ಸಾಹುಕಾರ ಆ ಹಬೆಗೆ ಕೈಮುಗಿಯುತ್ತಿದ್ದ. ಕಾರೂ ದೇವರಿಗೆ ಧೂಪ ಹಾಕುತ್ತಿದೆ ಎಂದು ಅರ್ಚಕನಿಗೆ ತೋರಿಸುತ್ತಿದ್ದ.

ಕಾದ ಕಬ್ಬಿಣಕ್ಕೆ ವಾರ ವಾರ ತಣ್ಣೀರು ಹುಯ್ದರೆ ಏನಾಗುತ್ತದೆ? ಸೊಟ್ಟಗಾಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ಒಂದು ಕೂದಲೆಳೆಯಷ್ಟು. ಆದರೆ ಸೊಟ್ಟ ತಟ್ಟೆಯನ್ನು ಹಿಡಿದು ನಿಲ್ಲಿಸಹೋದರೆ ಅದು ಅದುರುತ್ತದೆ. ಆ ನಡುಕ ಚಕ್ರದಿಂದ ಸ್ಟೀರಿಂಗಿಗೆ, ಸ್ಟೀರಿಂಗಿನಿಂದ ಅದನ್ನು ಹಿಡಿದವನ ಕೈಗೆ ಬರುತ್ತದೆ. ಕೈಗಷ್ಟೇ ಬರುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತವನಿಗೆ ಏನೂ ತಿಳಿಯುವುದಿಲ್ಲ. ಈ ಮಾತನ್ನು ನೆನಪಿಟ್ಟುಕೋ.

ನಾಲ್ಕಾರು ತಿಂಗಳಲ್ಲಿ ಸ್ಟೀರಿಂಗ್ ನಡುಗತೊಡಗಿತು. ಸಮ ರಸ್ತೆಯಲ್ಲಿ ಏನೂ ಇಲ್ಲ. ಎಷ್ಟು ಜೋರಾಗಿ ಓಡಿಸಿದರೂ ಏನೂ ಇಲ್ಲ. ಬ್ರೇಕ್ ಒತ್ತಿದರೆ ಮಾತ್ರ ಗಡಗಡ. ಚಾಲಕ ಅದೇ ವಾರ ಸಾಹುಕಾರನಿಗೆ ಹೇಳಿದ. ಮೇಸ್ತ್ರಿಗೆ ಒಮ್ಮೆ ತೋರಿಸಿ ಎಂದು ಕೇಳಿಕೊಂಡ. ಹೋದ ಆಯುಧಪೂಜೆಗೆ ತಂದ ಹೊಸ ಕಾರಿಗೆ ಏನು ರೋಗ, ಸುಮ್ಮನೆ ಓಡಿಸು ಎಂದ ಸಾಹುಕಾರ.

ಇನ್ನೊಂದು ಸೋಮವಾರ ಏಳನೆಯ ತಿರುವಿನಲ್ಲಿ ಸಾಹುಕಾರ ಕಣ್ಣು ಬಿಟ್ಟ. ಚಾಲಕನ ಎರಡು ಕೈಯೂ ಮೊಣಕೈವರೆಗೆ ನಡುಗುತ್ತಿರುವುದನ್ನು ನೋಡಿದ. ನೋಡಿದ್ದು ಸುಳ್ಳಲ್ಲ. ಆದರೆ ನೋಡಿದ್ದನ್ನು ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಕಾರು ಗುಡಿಯ ಮುಂದೆ ನಿಂತಿತು. ಸೋಮವಾರದ ಜನ ಸೇರಿತ್ತು. ಅಷ್ಟೂ ಜನರ ಮುಂದೆ ಸಾಹುಕಾರ ಚಾಲಕನನ್ನು ಇಳಿಸಿದ.

"ಏನಯ್ಯಾ, ಬೆಳಿಗ್ಗೇನೇ ಹಾಕ್ಕೊಂಡು ಬಂದಿದ್ದೀಯಾ?"

"ಅಯ್ಯೋ ಇಲ್ಲ ಯಜಮಾನ್ರೇ. ನನ್ ಕೈ ನಡುಗ್ತಿಲ್ಲ, ಸ್ಟೀರಿಂಗ್ ನಡುಗ್ತಿರೋದು. ನಾನು ಆವತ್ತೇ ಹೇಳಿದ್ನಲ್ಲ. ಬೇಕಾದ್ರೆ ನೀವೇ ಒಂದ್ಸಲ ಹಿಡ್ದು ನೋಡಿ."

"ನಾನು ಹಿಂದೇನೇ ಕೂತಿದ್ದೀನಿ. ನನಗೇನೂ ನಡುಗಲಿಲ್ವಲ್ಲ? ಎಲ್ಲಿ, ಊದು."

ಹದಿನೆಂಟು ವರ್ಷ ಓಡಿಸಿದವನು, ಬೆಳೆದ ಮಕ್ಕಳಿರುವ ಗಂಡಸು, ದೇವರ ಬಾಗಿಲಲ್ಲಿ ನಿಂತು ಇನ್ನೊಬ್ಬನ ಮುಖಕ್ಕೆ ಬಾಯಿ ತೆರೆದು ಊದಿದ. ಅವನಿಗೆ ಮೂರು ದಿನದಿಂದ ಹಲ್ಲುನೋವು. ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡಿದ್ದ. ಲವಂಗದ ವಾಸನೆ ಬಂತು. "ನೋಡಿ, ಹೆಂಡದ ವಾಸನೆ ಮುಚ್ಚೋಕೆ ಲವಂಗ!" ಎಂದು ಸಾಹುಕಾರ ಜನರ ಕಡೆ ತಿರುಗಿದ.

ವಾಸನೆ ಬಂದರೆ ಕುಡಿದಿದ್ದಾನೆ. ಬಾರದಿದ್ದರೆ ಮುಚ್ಚಿದ್ದಾನೆ. ಇಂಥ ನ್ಯಾಯಕ್ಕೆ ಬೆಂಕಿ ಬೀಳಲಿ! ಈ ತಕ್ಕಡಿಯಲ್ಲಿ ತೂಗಿದರೆ ಯಾವ ಸಜ್ಜನ ಉಳಿದಾನು, ಹೇಳು. ಅಲ್ಲಿ ಅರ್ಚಕನಿದ್ದ, ಊರ ಹಿರಿಯರಿದ್ದರು. ಒಬ್ಬನಾದರೂ, ಆ ಸ್ಟೀರಿಂಗು ಹಿಡಿದು ನೋಡೋಣ ಎನ್ನಲಿಲ್ಲ. ಹತ್ತು ಹೆಜ್ಜೆಯಾಚೆ ಕಾರು ನಿಂತಿತ್ತು.

ಸಾಹುಕಾರ ಕೈ ಹಾಕಿ ಚಾಲಕನಿಂದ ಕಾರಿನ ಕೀಲಿ ಕಿತ್ತುಕೊಂಡ. ಆಗ ಆ ಮನುಷ್ಯನ ಕೈ ಮೊದಲ ಬಾರಿಗೆ ನಿಜವಾಗಿ ನಡುಗಿತು. ಕಾರು ದೂರ ನಿಂತಿತ್ತು, ಸ್ಟೀರಿಂಗು ಕೈಯಲ್ಲಿರಲಿಲ್ಲ, ಆದರೂ ನಡುಗಿತು. "ಇನ್ನೂ ನಡುಗ್ತಿದೆ ನೋಡಿ!" ಎಂದ ಸಾಹುಕಾರ. ಜನ ತಲೆದೂಗಿದರು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಪಕ್ಕದಲ್ಲಿದ್ದ ಚೊಂಬಿನಿಂದ ಒಂದು ಗುಟುಕು ನೀರು ಕುಡಿದರು. ಶಿಷ್ಯ ಸೊಂಟದ ಗೊಂಚಲನ್ನು ಸದ್ದಾಗದಂತೆ ಹಿಡಿದುಕೊಂಡ. ಗುರುಗಳು ಮುಂದುವರಿಸಿದರು.

ಚಾಲಕ ಆ ದಿನ ಘಟ್ಟವನ್ನು ನಡೆದು ಹತ್ತಿದ. ಅವನಿಗಿಂತ ಮೊದಲು ಅವನ ಸುದ್ದಿ ಊರು ಮುಟ್ಟಿತ್ತು. ಕೆಟ್ಟ ಸುದ್ದಿಗೆ ಕಾಲು ತೊಳೆಯುವ ನೇಮವಿಲ್ಲವಲ್ಲ. ಟ್ಯಾಕ್ಸಿ ನಿಲ್ದಾಣದಲ್ಲಿ ಕೇಳಿದ, ಲಾರಿ ಮಾಲೀಕರನ್ನು ಕೇಳಿದ, ಶಾಲೆಯ ವ್ಯಾನಿಗೆ ಕೇಳಿದ. ಎಲ್ಲರೂ ಒಂದೇ ಪ್ರಶ್ನೆ ಹಾಕಿದರು, ಕುಡಿತೀಯಂತಲ್ಲ? ಆ ಪ್ರಶ್ನೆ ಬಿದ್ದ ಕೂಡಲೇ ಅವನಿಗೆ ಗುಡಿಯ ಬಾಗಿಲು ಕಣ್ಣ ಮುಂದೆ ಬರುತ್ತಿತ್ತು. ಬಾಯಿ ಉತ್ತರ ಹೇಳುವ ಮೊದಲೇ ಕೈ ನಡುಗುತ್ತಿತ್ತು. ನಿಜವೇ ಇರಬೇಕು ಎಂದುಕೊಂಡು ಅವರು ಬಾಗಿಲು ಹಾಕಿಕೊಂಡರು. ಅವನು ಮತ್ತೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ.

ಸಾಹುಕಾರ ಎರಡನೆಯ ಚಾಲಕನನ್ನು ಇಟ್ಟುಕೊಂಡ. ಎರಡು ತಿಂಗಳಿಗೆ ಅವನ ಕೈಯೂ ಏಳನೆಯ ತಿರುವಿನಲ್ಲಿ ನಡುಗಿತು. ಇವನೂ ಕುಡುಕ ಎಂದು ಅವನನ್ನೂ ಬಿಡಿಸಿದ. ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಜಾಗದಲ್ಲಿ ನಡುಗಿದರೆ ಆ ಜಾಗವನ್ನು ನೋಡಬೇಕು ಎಂದು ಎತ್ತು ಕಾಯುವವನಿಗೂ ಹೊಳೆಯುತ್ತದೆ. ಇವನಿಗೆ ಹೊಳೆಯಲಿಲ್ಲ. ಕಾರಿಗೆ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟಿಸಿದ, ಬಿಂದಿಗೆಗೆ ಅರಿಶಿನ ಹಚ್ಚಿ ಇನ್ನೂ ಎರಡು ಬಿಂದಿಗೆ ನೀರು ಹೆಚ್ಚಿಗೆ ಸುರಿದ.

ಮೂರನೆಯ ಚಾಲಕ ಜಾಣ. ಹಿಂದಿನವರ ಗತಿಯನ್ನು ಕೇಳಿಕೊಂಡೇ ಬಂದಿದ್ದ. ಸ್ಟೀರಿಂಗು ನಡುಗಿದರೆ ಹಲ್ಲು ಕಚ್ಚಿ ಬಿಗಿಹಿಡಿಯುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಇದಪ್ಪಾ ಕೈ ಎಂದರೆ ಎಂದು ಸಾಹುಕಾರ ಅವನಿಗೆ ಯುಗಾದಿಗೆ ಹೊಸ ಪಂಚೆ ಕೊಟ್ಟ. ಸತ್ಯ ಹೇಳಿದವನಿಗೆ ಬಾಯಿ ಊದುವ ಶಿಕ್ಷೆ, ಸುಮ್ಮನಿದ್ದವನಿಗೆ ಪಂಚೆ. ಅಷ್ಟರಲ್ಲಿ ಕಾರು ದಿನದಿಂದ ದಿನಕ್ಕೆ ಅಪಾಯಕಾರಿಯಾಗುತ್ತಿತ್ತು.

ಒಂದು ಸೋಮವಾರ ಆ ಚಾಲಕ ತಂಗಿಯ ಮದುವೆಗೆಂದು ಊರಿಗೆ ಹೋದ. ನೇಮ ತಪ್ಪಿಸುವ ಹಾಗಿಲ್ಲ. ಸಾಹುಕಾರನೇ ಕಾರು ಹತ್ತಿದ. ಆ ಕಾರು ತಂದ ಮೇಲೆ ಅವನು ಮುಂದಿನ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು. ಘಟ್ಟ ಶುರುವಾಯಿತು. ಮೂರನೆಯ ತಿರುವಿನಲ್ಲಿ ಬ್ರೇಕ್ ಒತ್ತಿದ. ಸ್ಟೀರಿಂಗು ಅವನ ಎರಡೂ ಕೈಯನ್ನು ಹಿಡಿದು ಅಲ್ಲಾಡಿಸಿತು. ಹೆದರಿ ಕಾರನ್ನು ಬದಿಗೆ ನಿಲ್ಲಿಸಿದ. ಬೆವರು ಒರೆಸಿಕೊಂಡ. ನೇಮವನ್ನೂ ಮರೆತು ಅಲ್ಲಿಂದ ಮೆಲ್ಲಗೆ ಹಿಂದಿರುಗಿ ನೇರ ಎಲ್ಲಿಗೆ ಹೋದ ಗೊತ್ತೇ? ವೈದ್ಯರ ಬಳಿಗೆ!

ಚಾಲಕನ ಕೈ ನಡುಗಿದರೆ ಹೆಂಡ. ಸಾಹುಕಾರನ ಕೈ ನಡುಗಿದರೆ ನರದೌರ್ಬಲ್ಯ. ಅವನು ತನ್ನ ಬಾಯಿಯನ್ನು ಯಾರ ಮುಂದೆಯೂ ಊದಲಿಲ್ಲ. ಯಾರೂ ಕೇಳಲೂ ಇಲ್ಲ.

ವೈದ್ಯರು ಕೈ ಚಾಚಲು ಹೇಳಿ ನೋಡಿದರು. ಕೈ ಸರಿಯಾಗಿದೆ, ಕಾರನ್ನು ತೋರಿಸಿ ಎಂದರು. ಆಗ ಸಾಹುಕಾರ ಊರಾಚೆಯ ಒಬ್ಬ ಮೇಸ್ತ್ರಿಯ ಗ್ಯಾರೇಜಿಗೆ ಹೋದ. ಮೇಸ್ತ್ರಿ ವಯಸ್ಸಾದವನು, ಮಾತು ಕಡಿಮೆ. ಕಾರು ಮುಟ್ಟುವ ಮೊದಲು ಎರಡೇ ಪ್ರಶ್ನೆ ಕೇಳಿದ. ಓಡುವಾಗಲೂ ನಡುಗುತ್ತದೆಯೇ, ಬ್ರೇಕ್ ಒತ್ತಿದಾಗ ಮಾತ್ರವೇ? ಬ್ರೇಕ್ ಒತ್ತಿದಾಗ ಮಾತ್ರ. ಕೈಗೆ ಬರುತ್ತದೆಯೇ, ಕುಳಿತ ಸೀಟಿಗೆ ಬರುತ್ತದೆಯೇ? ಕೈಗೆ.

ಓಡುವಾಗಲೂ ನಡುಗಿದ್ದರೆ ಚಕ್ರದ ತೂಕ ಸಮವಾಗಿದೆಯೇ ನೋಡುತ್ತಿದ್ದೆ, ಸೀಟಿಗೆ ಬಂದಿದ್ದರೆ ಹಿಂದಿನ ಬ್ರೇಕ್ ನೋಡುತ್ತಿದ್ದೆ, ಇದು ಮುಂದಿನ ತಟ್ಟೆ ಎಂದು ಮೇಸ್ತ್ರಿ ಚಕ್ರ ಬಿಚ್ಚಿದ. ಆದರೂ ತನ್ನ ಮಾತನ್ನೇ ನಂಬಿ ತೀರ್ಪು ಕೊಡಲಿಲ್ಲ. ಗಡಿಯಾರದಂತೆ ಮುಳ್ಳಿರುವ ಒಂದು ಅಳತೆಯ ಸಾಧನವನ್ನು ತಟ್ಟೆಗೆ ತಾಗಿಸಿ ಇಟ್ಟು, ತಟ್ಟೆಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿದ. ತಟ್ಟೆ ನೆಟ್ಟಗಿದ್ದರೆ ಮುಳ್ಳು ಅಲ್ಲಾಡುವುದಿಲ್ಲ. ಮುಳ್ಳು ಆಚೆ ಈಚೆ ಓಡಾಡಿತು. ಸಾಹುಕಾರ ಬಗ್ಗಿ ತನ್ನ ಕಣ್ಣಿನಿಂದಲೇ ನೋಡಿದ.

"ಕಾದಿದ್ದಾಗ ಇದಕ್ಕೆ ನೀರು ಹಾಕಿದ್ದೀರಿ. ಯಾರು ಹಾಕಿದ್ದು?" ಎಂದ ಮೇಸ್ತ್ರಿ.

"ನಾನೇ. ಅದು ದೇವ್ರ ಕೆಲ್ಸ."

"ಅರ್ಧ ಗಂಟೆ ಕಾದು ಹಾಕಿ ಸ್ವಾಮಿ. ದೇವರೇನು ಎದ್ದು ಹೋಗಲ್ಲ. ಅಲ್ಲ, ಇಷ್ಟು ಸೊಟ್ಟ ಆಗೋವರ್ಗೂ ನಿಮ್ಗೆ ಯಾರೂ ಹೇಳ್ಲಿಲ್ವಾ?"

ಸಾಹುಕಾರ ನೆಲ ನೋಡಿದ. "ಒಬ್ಬ ಹೇಳಿದ್ದ. ಡ್ರೈವರ್ರು. ಅವನ್ನ ಬಿಡಿಸ್ಬಿಟ್ಟೆ" ಎಂದ.

ಮೇಸ್ತ್ರಿ ಹಳೆಯ ತಟ್ಟೆಗಳನ್ನು ತೆಗೆದ. ಹೊಸ ತಟ್ಟೆ ಕೂರುವ ಜಾಗದ ತುಕ್ಕನ್ನು ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆದ. ಅಲ್ಲಿ ಚಿಟಿಕೆ ತುಕ್ಕು ಉಳಿದರೂ ಹೊಸ ತಟ್ಟೆ ಓರೆಯಾಗಿ ಕೂರುತ್ತದೆ, ಮತ್ತೆ ಅದೇ ಕತೆ. ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದ. ಕಾರನ್ನು ಓಡಿಸಿ ಬ್ರೇಕ್ ಒತ್ತಿ ತೋರಿಸಿದ. ಸ್ಟೀರಿಂಗು ಮಿಸುಕಲಿಲ್ಲ. ಕೀಲಿ ಕೊಡುವಾಗ, ಕಾರು ಸರಿಹೋಯಿತು, ಮನೆಗೆ ಹೋಗುವ ಮುಂಚೆ ಆ ಡ್ರೈವರ್ ಮನೆಗೆ ಹೋಗಿ ಬನ್ನಿ ಎಂದ. ಸಾಹುಕಾರ ನೋಡೋಣ ಎಂದ.

ನೋಡೋಣ! ಚಾಲಕನ ಮನೆ ಅವನ ಅಂಗಡಿಯಿಂದ ಮೂರನೆಯ ಬೀದಿ. ಸಾಹುಕಾರ ಆ ಬೀದಿಗೆ ಕಾಲಿಡಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಕಾದ ಚಕ್ರಕ್ಕೆ ನೀರು ಹಾಕಬಾರದು ಎಂದು ಬುದ್ಧಿ ಹೇಳಿದ. ಎಂಥ ಮೇಸ್ತ್ರಿಯನ್ನು ಹುಡುಕಿದೆ ಎಂದು ಜಂಬ ಕೊಚ್ಚಿದ. ಗುಡಿಯ ಮುಂದೆ ಅರ್ಧ ಗಂಟೆ ಕಾದು, ಚಕ್ರ ಆರಿದ ಮೇಲೆ ನೀರು ಸುರಿದ. ಎಲ್ಲ ಸರಿಮಾಡಿಕೊಂಡ. ಅದೇ ಗುಡಿಯ ಮುಂದೆ, ಅದೇ ಜನರಿಗೆ, ಆ ಮನುಷ್ಯ ಕುಡಿದಿರಲಿಲ್ಲ, ತಪ್ಪು ನನ್ನದು ಎಂಬ ಒಂದು ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ಕಬ್ಬಿಣದ ತಟ್ಟೆ ಸೊಟ್ಟಗಾದರೆ ಬದಲಾಯಿಸಬೇಕು ಎಂದು ಗೊತ್ತು. ಒಬ್ಬ ಮನುಷ್ಯನ ಹೆಸರನ್ನು ತನ್ನ ಕೈಯಾರೆ ಸೊಟ್ಟ ಮಾಡಿದರೆ ಅದು ತಾನಾಗಿ ನೆಟ್ಟಗಾಗುತ್ತದೆ ಎಂದುಕೊಂಡನೇನೋ. ತಿಳಿಯದೆ ಮಾಡಿದ್ದನ್ನು ದೇವರು ಕ್ಷಮಿಸಬಹುದು. ತಿಳಿದ ಮೇಲೂ ಬಾಯಿ ಮುಚ್ಚಿಕೊಂಡವನನ್ನು ನಾನಂತೂ ಕ್ಷಮಿಸಲಾರೆ.

ಗುರುಗಳ ಧ್ವನಿ ಏರಿತ್ತು. ಅಡುಗೆಮನೆಯ ಕಡೆ ಪಾತ್ರೆ ತೊಳೆಯುತ್ತಿದ್ದವರು ಕೆಲಸ ನಿಲ್ಲಿಸಿ ಇತ್ತ ನೋಡಿದರು. ಗುರುಗಳು ಒಂದು ಕ್ಷಣ ಸುಧಾರಿಸಿಕೊಂಡು ಹೇಳಿದರು:

"ತುಪ್ಪ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಗೊತ್ತಿಲ್ಲದ ಇಬ್ಬರಲ್ಲಿ ಒಬ್ಬ ನನ್ನ ಅಪ್ಪಣೆ ಕೇಳುತ್ತಿದ್ದಾನೆ."

ಶಿಷ್ಯನ ಮುಖ ಸಪ್ಪಗಾಯಿತು. ಅವನು ಮೊದಲಿನ ಬಿರುಸಿನಲ್ಲಿ ಮಾತಾಡಲಿಲ್ಲ.

"ಉಗ್ರಾಣ ಹುಡುಕಿಸುತ್ತೇನೆ ಗುರುಗಳೇ. ನಾನು ಕೈ ನೋಡಿದೆ, ಕಾರು ನೋಡಲಿಲ್ಲ. ಅದು ತಿಳಿಯಿತು." ಮತ್ತೆ ಕೇಳಿದ, "ಆದರೆ ಆ ಚಾಲಕ? ಅವನು ಕೊನೆಗೆ ಏನಾದ?"

ಗುರುಗಳು ಅವನ ಸೊಂಟದ ಗೊಂಚಲಿನ ಕಡೆ ನೋಡಿದರು.

"ನಿನ್ನೆ ಪಂಕ್ತಿಯ ಮುಂದೆ ನಿಲ್ಲಿಸಿ ಯಾವ ಕೈಯಿಂದ ಅದನ್ನು ಕಿತ್ತುಕೊಂಡೆಯೋ, ಆ ಕೈ ಅವನದೇ."